ಜೋಡಿಸಿದ ವಿಡಿಯೊ ಕೆಟ್ಟಿದೆಯೆ? ತಂತ್ರಾಂಶ ಬದಲಿಸುವ ಮೊದಲು ನೋಡಬೇಕಾದದ್ದು

ಇಡೀ ರಾತ್ರಿಯ ಯಕ್ಷಗಾನವನ್ನು ಒಂದೇ ಕ್ಯಾಮೆರಾದಲ್ಲಿ ಚಿತ್ರೀಕರಿಸಿದವರಿಗೆ ಬೆಳಿಗ್ಗೆ ಸಿಗುವುದು ಒಂದು ವಿಡಿಯೊ ಅಲ್ಲ, ತುಣುಕುಗಳ ಸಾಲು. ಸೆಕೆಂಡಿಗೆ 28 ಮೆಗಾಬಿಟ್ ದರದಲ್ಲಿ ದಾಖಲಿಸುವ ಕ್ಯಾಮೆರಾ ಸುಮಾರು 20 ನಿಮಿಷಕ್ಕೊಮ್ಮೆ 4 ಜಿಬಿ ತುಂಬಿಸಿ ಹೊಸ ಫೈಲ್ ತೆರೆಯುತ್ತದೆ. ಮೂರು ಗಂಟೆಯ ಕಾಲಮಿತಿ ಆಟಕ್ಕೇ ಒಂಬತ್ತು ತುಣುಕುಗಳಾಗುತ್ತವೆ. ಇವನ್ನು ಒಂದಾಗಿಸಲು ಹೊರಟವರು ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ಒಂದರಲ್ಲಿ ಜೋಡಿಸಿದಾಗ ಧ್ವನಿ ತಪ್ಪಿದರೆ ಇನ್ನೊಂದನ್ನು ಇಳಿಸಿಕೊಳ್ಳುತ್ತಾರೆ, ಅದೂ ಕೈಕೊಟ್ಟರೆ ಮೂರನೆಯದು. ಕಂಪ್ಯೂಟರಿನಲ್ಲಿ ತಂತ್ರಾಂಶಗಳು ಹೆಚ್ಚುತ್ತವೆಯೇ ಹೊರತು ಆಟ ಒಂದಾಗುವುದಿಲ್ಲ.

ದೋಷ ಬಹುಪಾಲು ತುಣುಕುಗಳಲ್ಲೇ ಇರುತ್ತದೆ. ಅವುಗಳ ನಡುವಿನ ವ್ಯತ್ಯಾಸವನ್ನು ಕೆಲವು ತಂತ್ರಾಂಶಗಳು ಬಾಯಿಬಿಟ್ಟು ಹೇಳುತ್ತವೆ, ಕೆಲವು ಸುಮ್ಮನೆ ನುಂಗಿಕೊಂಡು ಕೆಟ್ಟ ಫೈಲನ್ನು ಕೈಗಿಡುತ್ತವೆ. ‘ಇದು ಸೇರುವುದಿಲ್ಲ’ ಎಂದು ಹಟ ಹಿಡಿಯುವ ತಂತ್ರಾಂಶವನ್ನು ಜನ ಬೈಯುತ್ತಾರೆ. ನನ್ನ ಮಟ್ಟಿಗೆ ನಂಬಬೇಕಾದದ್ದು ಅದನ್ನೇ.

ಜೋಡಿಸುವ ಮೊದಲು ಜಾತಕ ನೋಡಿ

ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು ಎಲ್ಲ ತುಣುಕುಗಳನ್ನೂ ಒಮ್ಮೆಗೇ ಅದಕ್ಕೆ ಎಳೆದು ಬಿಡಿ. ಎರಡು ಜಾತಕಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತೆ ಒಂದೊಂದೇ ಸಾಲನ್ನು ಹೋಲಿಸಬೇಕು: ಚಿತ್ರದ ಕೊಡೆಕ್ (ದತ್ತಾಂಶವನ್ನು ಕುಗ್ಗಿಸಿ ಕಟ್ಟುವ ವಿಧಾನ) ಎಚ್.264 ಆಗಿದೆಯೋ ಎಚ್.265 ಆಗಿದೆಯೋ, ಅದರ ಪ್ರೊಫೈಲ್ ಎಂಬ ಉಪಬಗೆ ಏನು, ಅಗಲ ಮತ್ತು ಎತ್ತರ ಎಷ್ಟು, ಫ್ರೇಮ್ ದರ (ಸೆಕೆಂಡಿಗೆ ಎಷ್ಟು ಚಿತ್ರ) ಎಷ್ಟು, ಆ ದರ ಸ್ಥಿರವೋ ಬದಲಾಗುವಂಥದ್ದೋ. ಧ್ವನಿಯಲ್ಲಿ ಕೊಡೆಕ್, ಸ್ಯಾಂಪ್ಲಿಂಗ್ ದರ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯಲಾಗಿದೆ ಎಂಬುದು) ಮತ್ತು ಚಾನೆಲ್‌ಗಳ ಸಂಖ್ಯೆ. ಮೊಬೈಲಿನಲ್ಲಿ ತೆಗೆದದ್ದು ಬೆರೆತಿದ್ದರೆ ರೊಟೇಶನ್ ಎಂಬ ಸಾಲನ್ನೂ ಮರೆಯಬಾರದು.

ಎಲ್ಲವೂ ಹೊಂದಿದರೆ ಚಿತ್ರ ಮತ್ತು ಧ್ವನಿಯನ್ನು ಮುಟ್ಟದೆ ಇದ್ದದ್ದನ್ನು ಇದ್ದಂತೆಯೇ ಸಾಲಾಗಿ ಇಡುವ ನಕಲು ಜೋಡಣೆ ಸಾಧ್ಯ. ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ. ಹೊಂದದಿದ್ದರೆ ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಅಂದರೆ ರೀಎನ್‌ಕೋಡ್ ಮಾಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಗುಣಮಟ್ಟವೂ ಸ್ವಲ್ಪ ಕಳೆಯುತ್ತದೆ. ಒಂಬತ್ತರಲ್ಲಿ ಒಂದೇ ಒಂದು ಬೇರೆಯಾಗಿದ್ದರೆ ಆ ಒಂದನ್ನು ಮಾತ್ರ ಉಳಿದವುಗಳ ಅಳತೆಗೆ ರೀಎನ್‌ಕೋಡ್ ಮಾಡಿ ನಕಲು ಜೋಡಣೆಗೆ ಪ್ರಯತ್ನಿಸಬಹುದು. ಆದರೆ ಅಳತೆಗಳೆಲ್ಲ ಹೊಂದಿದ ಮೇಲೂ ಎರಡು ಬೇರೆ ಎನ್‌ಕೋಡರ್‌ಗಳ (ಚಿತ್ರವನ್ನು ಕಟ್ಟುವ ಯಂತ್ರ ಅಥವಾ ತಂತ್ರಾಂಶಗಳ) ಕೆಲಸ ಪಕ್ಕಪಕ್ಕ ಕೂರಲು ಒಪ್ಪದೆ ಇರುವುದುಂಟು. ಆ ಮಾತು ಮುಂದೆ ಬರುತ್ತದೆ.

ನೀವು ಬಳಸುತ್ತಿರುವ ತಂತ್ರಾಂಶ ಇವೆರಡರಲ್ಲಿ ಯಾವುದನ್ನು ಮಾಡುತ್ತಿದೆ ಎಂದು ತಿಳಿಯಲು ಜಾಹೀರಾತಿನ ಮಾತು ಬೇಡ, ಗಡಿಯಾರ ಸಾಕು. ಆ ಫೈಲುಗಳನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ನಕಲು ಮಾಡಲು ಹಿಡಿಯುವಷ್ಟೇ ಹೊತ್ತಿನಲ್ಲಿ ಕೆಲಸ ಮುಗಿದರೆ, ಫಲಿತಾಂಶದ ಗಾತ್ರ ತುಣುಕುಗಳ ಮೊತ್ತಕ್ಕೆ ಹತ್ತಿರವಿದ್ದರೆ, ಅದು ನಕಲು ಜೋಡಣೆ. ಫ್ಯಾನ್ ಜೋರಾಗಿ ತಿರುಗುತ್ತ ಗಂಟೆಗಟ್ಟಲೆ ಎಳೆದರೆ ರೀಎನ್‌ಕೋಡ್.

ಇನ್ನೊಂದು ಮುನ್ನೆಚ್ಚರಿಕೆ. ತುಣುಕುಗಳ ನಡುವೆ ನಿಜವಾಗಿಯೂ ಬಿಡುವಿದೆಯೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. 4 ಜಿಬಿಗೆ ಫೈಲ್ ಒಡೆಯುವುದು ಎಫ್‌ಎಟಿ32 ಎಂಬ ಹಳೆಯ ಕಡತ ವ್ಯವಸ್ಥೆಯ ಮಿತಿಯಿಂದ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಅದನ್ನೇ ಬಳಸುತ್ತವೆ. ಅಲ್ಲಿ ಚಿತ್ರೀಕರಣ ನಿಲ್ಲುವುದಿಲ್ಲ, ಫೈಲ್ ಮಾತ್ರ ಬದಲಾಗುತ್ತದೆ. ಆದರೆ ಅನೇಕ ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ಚಿತ್ರೀಕರಣವನ್ನೇ ನಿಲ್ಲಿಸುತ್ತಿದ್ದವು. 30 ನಿಮಿಷ ದಾಟಿದರೆ ಯುರೋಪಿನ ಸುಂಕದ ಲೆಕ್ಕದಲ್ಲಿ ಅದು ವಿಡಿಯೊ ಕ್ಯಾಮೆರಾ ಆಗಿಬಿಡುತ್ತಿತ್ತು ಎಂಬುದು ಕಾರಣ. ಹಾಗೆ ನಿಂತು, ಯಾರೋ ಬಂದು ಮತ್ತೆ ಗುಂಡಿ ಒತ್ತುವವರೆಗೆ ಭಾಗವತರು ಹಾಡಿದ ಪದ್ಯ ಕಾರ್ಡಿಗೆ ಬಂದೇ ಇಲ್ಲ. ಅದನ್ನು ಯಾವ ತಂತ್ರಾಂಶವೂ ತರಲಾರದು.

ಫೈಲ್ ದೊಡ್ಡದಾಗಿದೆ, ಓಡುವುದು ಮೊದಲ ತುಣುಕು ಮಾತ್ರ

ವಿಂಡೋಸಿನ ಕಾಪಿ ಆಜ್ಞೆಯಿಂದಲೋ ಅದೇ ಕೆಲಸ ಮಾಡುವ ಯಾವುದೋ ಪುಟ್ಟ ತಂತ್ರಾಂಶದಿಂದಲೋ ಎಂಪಿ4 ಫೈಲುಗಳನ್ನು ಬೈಟಿಗೆ ಬೈಟು ಅಂಟಿಸಿದ್ದೀರಿ. ಎಂಪಿ4 ಫೈಲಿನೊಳಗೆ ಮೂವ್ ಎಂಬ ಒಂದು ಸೂಚಿ ಇರುತ್ತದೆ. ಯಾವ ಫ್ರೇಮ್ ಎಲ್ಲಿದೆ, ಒಟ್ಟು ಅವಧಿ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಅಂಟಿಸಿದ ಫೈಲಿನಲ್ಲಿ ಪ್ಲೇಯರ್ ಮೊದಲ ಸೂಚಿಯನ್ನು ಓದುತ್ತದೆ. ಅದಕ್ಕೆ ಗೊತ್ತಿರುವುದು ಮೊದಲ ತುಣುಕು ಅಷ್ಟೆ. ಉಳಿದ ದತ್ತಾಂಶ ಹಿಂದೆ ಸುಮ್ಮನೆ ಬಿದ್ದಿರುತ್ತದೆ. ಎಂಪಿ4, ಎಂಒವಿ, ಎಂಕೆವಿ ಯಾವುದನ್ನೂ ಹೀಗೆ ಅಂಟಿಸಬಾರದು. ಸೂಚಿಯನ್ನು ಹೊಸದಾಗಿ ಬರೆಯುವ ತಂತ್ರಾಂಶವೇ ಬೇಕು. ಎಂಟಿಎಸ್ ಮತ್ತು ಡಿವಿಡಿಯ ವಿಒಬಿ ಫೈಲುಗಳ ಕಥೆ ಇದಕ್ಕೆ ತಿರುಗುಮುರುಗು.

ಜೋಡಣೆಯ ಜಾಗದಲ್ಲಿ ಚೆಂಡೆಯ ಪೆಟ್ಟು ಹಾರಿದೆ

ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಮಾದರಿಯ ಕ್ಯಾಮ್‌ಕಾರ್ಡರ್‌ಗಳು ಇಂದಿಗೂ ಬಳಕೆಯಲ್ಲಿವೆ. ಅವು ಕೊಡುವ ಎಂಟಿಎಸ್ ಫೈಲುಗಳು ಮೇಲ್ನೋಟಕ್ಕೆ ಬೇರೆಬೇರೆ ವಿಡಿಯೊಗಳು, ಒಳಗಿನಿಂದ ಒಂದೇ ಹರಿವು. ಆ ಹರಿವು ಸಣ್ಣ ಪ್ಯಾಕೆಟ್ಟುಗಳಲ್ಲಿ ಸಾಗುತ್ತದೆ: ಮೂಲ ಟ್ರಾನ್ಸ್‌ಪೋರ್ಟ್ ಸ್ಟ್ರೀಮಿನಲ್ಲಿ ತಲಾ 188 ಬೈಟು, ಎವಿಸಿಎಚ್‌ಡಿಯಲ್ಲಿ ಸಮಯದ ಗುರುತಿಗೆ 4 ಬೈಟು ಸೇರಿ 192. ಕ್ಯಾಮೆರಾ ಫೈಲ್ ಒಡೆಯುವಾಗ ಚಿತ್ರವನ್ನು ಮುಗಿಸಿ, ಅದಕ್ಕೆ ಸೇರಿದ ಧ್ವನಿಯನ್ನೂ ಮುಗಿಸಿ ಒಡೆಯುವ ಸೌಜನ್ಯ ತೋರುವುದಿಲ್ಲ. ಒಂದನೆಯ ಫೈಲಿನ ಕೊನೆಯ ಫ್ರೇಮುಗಳಿಗೆ ಸೇರಿದ ಧ್ವನಿಯ ಚೂರು ಎರಡನೆಯ ಫೈಲಿನ ಆರಂಭದಲ್ಲಿ ಕುಳಿತಿರಬಹುದು.

ಇಂಥ ತುಣುಕುಗಳನ್ನು ಒಂದೊಂದಾಗಿ ಸಂಕಲನ ತಂತ್ರಾಂಶಕ್ಕೆ ಹಾಕಿದರೆ ಅದು ಪ್ರತಿಯೊಂದನ್ನೂ ಸ್ವತಂತ್ರ ವಿಡಿಯೊ ಎಂದೇ ಓದುತ್ತದೆ, ಅಪೂರ್ಣ ಚೂರುಗಳನ್ನು ಎಸೆಯುತ್ತದೆ. ಸಾಮಾನ್ಯ ಭಾಷಣದಲ್ಲಿ ಇದು ಯಾರ ಗಮನಕ್ಕೂ ಬರದು. ಏರುಪದದಲ್ಲಿ ಚೆಂಡೆ ಮದ್ದಳೆ ಒಟ್ಟಿಗೆ ನುಡಿಯುತ್ತಿರುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಹಾರಿದರೂ ತಾಳ ಮುಗ್ಗರಿಸುತ್ತದೆ, ಆಟ ಬಲ್ಲವರು ಅಲ್ಲೇ ಹುಬ್ಬು ಗಂಟಿಕ್ಕುತ್ತಾರೆ.

ಪತ್ತೆ ಸುಲಭ. ಹೊಸ ಫೈಲಿನಲ್ಲಿ ಜೋಡಣೆಯ ಜಾಗವನ್ನು ಹೆಡ್‌ಫೋನಿನಲ್ಲಿ ಕೇಳಿ. ಬಿಡುವು ಪ್ರತಿ ಜೋಡಣೆಯಲ್ಲೂ ಇದ್ದು, ಚಿತ್ರ ಅಲ್ಲಿ ಕ್ಷಣ ತಡೆದಂತಾಗಿ ಮುಂದೆ ಎಲ್ಲ ಸರಿಯಿದ್ದರೆ ಕಾರಣ ಇದೇ. ಪರಿಹಾರವೆಂದರೆ ಮೊದಲು ಎಂಟಿಎಸ್ ಫೈಲುಗಳನ್ನು ಬೈಟಿಗೆ ಬೈಟು ಅಂಟಿಸಿ ಒಂದೇ ಎಂಟಿಎಸ್ ಮಾಡಿಕೊಳ್ಳುವುದು, ಸಂಕಲನ ಮತ್ತು ರೂಪ ಬದಲಾವಣೆ ಏನಿದ್ದರೂ ಆಮೇಲೆ. ಎಂಪಿ4ಗೆ ಹೊಂದದ ಕಾಪಿ ಆಜ್ಞೆಯ ಬೈನರಿ ವಿಧಾನ ಇಲ್ಲಿ ಸರಿಯಾದ ಮದ್ದು. ಕ್ಯಾಮೆರಾ ತಯಾರಕರು ಕೊಡುವ ತಂತ್ರಾಂಶ ಕಾರ್ಡಿನಿಂದ ಇಳಿಸುವಾಗಲೇ ಈ ಜೋಡಣೆ ಮಾಡುತ್ತದಾದರೆ ಅದನ್ನೇ ಬಳಸಿ, ಆದರೆ ಕಾರ್ಡಿನ ಫೋಲ್ಡರ್ ರಚನೆ ಕೆಡದಂತೆ ಇಡಿಯಾಗಿ ನಕಲು ಮಾಡಿಟ್ಟುಕೊಂಡಿರಬೇಕು. ಎಂಟಿಎಸ್ ಫೈಲುಗಳನ್ನಷ್ಟೇ ಹೆಕ್ಕಿ ಉಳಿದದ್ದನ್ನು ಅಳಿಸಿದವರಿಗೆ ಆ ದಾರಿ ಮುಚ್ಚಿರುತ್ತದೆ.

ಮಾತು ಒಂದು ಕಡೆ, ತುಟಿ ಒಂದು ಕಡೆ

ದೂರುಗಳಲ್ಲಿ ಹೆಚ್ಚಿನವು ಇವು. ಒಂದೇ ದೂರಿನ ಕೆಳಗೆ ಕನಿಷ್ಠ ಮೂರು ರೋಗಗಳಿವೆ. ಮೊದಲು ಒಂದು ಅಳತೆಗೋಲು ಬೇಕು. ಚೆಂಡೆಯ ಕೋಲು ಚರ್ಮಕ್ಕೆ ತಾಗುವ ಕ್ಷಣ ಇದಕ್ಕೆ ಹೇಳಿಮಾಡಿಸಿದ್ದು. ಹಿಮ್ಮೇಳ ಕಾಣುವ ಜಾಗಗಳನ್ನು ಹುಡುಕಿ, ಪೆಟ್ಟು ಕಂಡ ಫ್ರೇಮಿಗೂ ಕೇಳಿದ ಕ್ಷಣಕ್ಕೂ ಎಷ್ಟು ಅಂತರ ಎಂದು ನೋಡಿ: ಮೊದಲ ತುಣುಕಿನ ಆರಂಭದಲ್ಲಿ, ಅದರ ಕೊನೆಯಲ್ಲಿ, ಎರಡನೆಯದರ ಆರಂಭದಲ್ಲಿ, ಕಟ್ಟಕಡೆಯ ತುಣುಕಿನ ಕೊನೆಯಲ್ಲಿ. ಕ್ಯಾಮೆರಾ ರಂಗಸ್ಥಳದಿಂದ 34 ಮೀಟರ್ ಹಿಂದಿದ್ದು ಅದರದೇ ಮೈಕಿನಲ್ಲಿ ಧ್ವನಿ ಹಿಡಿದಿದ್ದರೆ ಶಬ್ದ ಬಂದು ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. 25 ಫ್ರೇಮಿನ ದರದಲ್ಲಿ ಅದು ಎರಡೂವರೆ ಫ್ರೇಮ್. ಅಷ್ಟು ಅಂತರ ಎಲ್ಲ ಕಡೆಯೂ ಒಂದೇ ಆಗಿದ್ದರೆ ಅದು ದೋಷವಲ್ಲ, ಬಯಲಾಟದ ಬಯಲು.

ಅಂತರ ಒಂದು ತುಣುಕಿನೊಳಗೆ ಸ್ಥಿರವಾಗಿದ್ದು, ಪ್ರತಿ ಜೋಡಣೆ ದಾಟಿದಾಗ ಒಂದಿಷ್ಟು ಹೆಚ್ಚುತ್ತಿದ್ದರೆ ಅದು ಜೋಡಣೆಯದೇ ತಪ್ಪು. ಎಎಸಿ ಎಂಬ ಕೊಡೆಕಿನ ಧ್ವನಿ 1024 ಸ್ಯಾಂಪಲ್‌ಗಳ ಕಟ್ಟುಗಳಲ್ಲಿ ಇರುತ್ತದೆ. 48,000ದ ದರದಲ್ಲಿ ಒಂದು ಕಟ್ಟು ಸುಮಾರು 21 ಮಿಲಿಸೆಕೆಂಡು, 25ರ ದರದ ಒಂದು ಫ್ರೇಮ್ 40 ಮಿಲಿಸೆಕೆಂಡು. ಎರಡೂ ಒಂದೇ ಕ್ಷಣಕ್ಕೆ ಮುಗಿಯುವುದು ಅಪರೂಪ, ಆದ್ದರಿಂದ ಪ್ರತಿ ಫೈಲಿನಲ್ಲೂ ಧ್ವನಿ ಚಿತ್ರಕ್ಕಿಂತ ಕೂದಲೆಳೆ ಉದ್ದವೋ ಗಿಡ್ಡವೋ ಇರುತ್ತದೆ. ಚಿತ್ರಗಳನ್ನೆಲ್ಲ ಒಂದು ಸಾಲಿನಲ್ಲಿ, ಧ್ವನಿಗಳನ್ನೆಲ್ಲ ಇನ್ನೊಂದು ಸಾಲಿನಲ್ಲಿ ಒತ್ತೊತ್ತಾಗಿ ಜೋಡಿಸುವ ತಂತ್ರಾಂಶದಲ್ಲಿ ಈ ಕೂದಲೆಳೆಗಳು ಕೂಡುತ್ತ ಹೋಗುತ್ತವೆ. ಪ್ರತಿ ತುಣುಕನ್ನೂ ಅದರ ಆರಂಭದ ಸಮಯಕ್ಕೆ ಕಟ್ಟಿಹಾಕುವ ತಂತ್ರಾಂಶದಲ್ಲಿ ಕೂಡುವುದಿಲ್ಲ. ಎಂಕೆವಿ ಫೈಲುಗಳನ್ನು ಕಟ್ಟುವ ಎಂಕೆವಿಟೂಲ್‌ನಿಕ್ಸ್ ಎಂಬ ತಂತ್ರಾಂಶದಲ್ಲಿ ಫೈಲ್ ಆಧಾರದಲ್ಲಿ ಸೇರಿಸಬೇಕೋ ಟ್ರ್ಯಾಕ್ ಆಧಾರದಲ್ಲಿ ಸೇರಿಸಬೇಕೋ ಎಂಬ ಆಯ್ಕೆಯೇ ಇದೆ. ಒಂದರಲ್ಲಿ ತಪ್ಪಿದರೆ ಇನ್ನೊಂದನ್ನು ಹಿಡಿದು ನೋಡಬೇಕು.

ಅಂತರ ಜೋಡಣೆಯ ಹಂಗಿಲ್ಲದೆ ನಿಧಾನವಾಗಿ ಬೆಳೆಯುತ್ತಿದ್ದರೆ ದರಗಳ ಕಡೆ ನೋಡಿ. 29.97ರ ದರದ ಚಿತ್ರವನ್ನು 30 ಎಂದು ತಿಳಿದು ಓಡಿಸಿದರೆ ವ್ಯತ್ಯಾಸ ಸಾವಿರಕ್ಕೆ ಒಂದು, ಗಂಟೆಗೆ 3.6 ಸೆಕೆಂಡು. ನಿಮ್ಮ ಲೆಕ್ಕ ಈ ಸಂಖ್ಯೆಯ ಹತ್ತಿರ ಬಂದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಮೊಬೈಲಿನ ವಿಡಿಯೊಗಳಲ್ಲಿ ಫ್ರೇಮ್ ದರ ಬೆಳಕಿಗೆ ತಕ್ಕಂತೆ ಏರಿಳಿಯುತ್ತದೆ. ಇಂಥವನ್ನು ಸ್ಥಿರ ದರದ ತುಣುಕುಗಳ ಜೊತೆ ಸೇರಿಸುವ ಮೊದಲು ಸ್ಥಿರ ದರಕ್ಕೆ ರೀಎನ್‌ಕೋಡ್ ಮಾಡಿಕೊಳ್ಳಲೇಬೇಕು. ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ಧ್ವನಿ ತೆಗೆದುಕೊಂಡು ಆಮೇಲೆ ಚಿತ್ರಕ್ಕೆ ಕೂಡಿಸಿದ್ದರೆ ಎರಡು ಯಂತ್ರಗಳ ಗಡಿಯಾರಗಳೂ ಸ್ವಲ್ಪ ಸ್ವಲ್ಪ ದೂರವಾಗುತ್ತ ಹೋಗುತ್ತವೆ. ಅಲ್ಲಿ ಪ್ರತಿ ಪ್ರಸಂಗಭಾಗಕ್ಕೂ ಧ್ವನಿಯನ್ನು ಹೊಸದಾಗಿ ಹೊಂದಿಸದೆ ಬೇರೆ ಉಪಾಯವಿಲ್ಲ.

ಮೂರನೆಯದು ಕಿವಿಗೆ ತಾನಾಗಿ ಗೊತ್ತಾಗುತ್ತದೆ. ಒಂದು ತುಣುಕಿನಿಂದ ಭಾಗವತರ ಶ್ರುತಿ ಏರಿ, ಹಾಡು ಓಟಕ್ಕಿಟ್ಟರೆ 44,100ರ ಧ್ವನಿಯನ್ನು 48,000 ಎಂದು ಓದಲಾಗುತ್ತಿದೆ. ವೇಗ ಶೇಕಡಾ ಒಂಬತ್ತರಷ್ಟು ಹೆಚ್ಚುತ್ತದೆ. ಆ ತುಣುಕಿನ ಧ್ವನಿಯನ್ನು ಮಾತ್ರ 48,000ಕ್ಕೆ ಬದಲಿಸಿ, ಚಿತ್ರವನ್ನು ಮುಟ್ಟದೆ ಮತ್ತೆ ಜೋಡಿಸಿ.

ಇಷ್ಟೆಲ್ಲ ಮಾಡುವ ಮುನ್ನ ಮೂಲ ತುಣುಕನ್ನೇ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ತಪ್ಪು ಅಲ್ಲೇ ಇದ್ದರೆ ಜೋಡಣೆಯನ್ನು ಶಪಿಸಿ ಫಲವಿಲ್ಲ.

ಎರಡನೆಯ ತುಣುಕಿನಿಂದ ಚಿತ್ರ ಕಲಸಿಹೋಗಿದೆ

ಹಸಿರು ಬಣ್ಣ, ಚೌಕಚೌಕ ಚೂರುಗಳು, ಅಥವಾ ನಿಂತೇ ಹೋದ ಚಿತ್ರ. ಧ್ವನಿ ಮಾತ್ರ ಸರಿಯಾಗಿದೆ. ಎಚ್.264ರಲ್ಲಿ ಚಿತ್ರವನ್ನು ಬಿಚ್ಚುವ ಸೂಚನೆಗಳು ಎಸ್‌ಪಿಎಸ್ ಮತ್ತು ಪಿಪಿಎಸ್ ಎಂಬ ಎರಡು ಪುಟ್ಟ ಭಾಗಗಳಲ್ಲಿರುತ್ತವೆ. ಎಂಪಿ4 ಫೈಲಿನಲ್ಲಿ ಅವು ಸಾಮಾನ್ಯವಾಗಿ ಆರಂಭದ ಮಾಹಿತಿಯಲ್ಲಿ ಒಮ್ಮೆ ಮಾತ್ರ ಬರೆಯಲ್ಪಡುತ್ತವೆ. ಎರಡು ಬೇರೆ ಕ್ಯಾಮೆರಾಗಳ ತುಣುಕುಗಳನ್ನು ನಕಲು ಜೋಡಣೆ ಮಾಡಿದಾಗ ಮೊದಲನೆಯದರ ಸೂಚನೆಯಿಂದ ಎರಡನೆಯದನ್ನು ಬಿಚ್ಚುವ ಪ್ರಸಂಗ ಬರುತ್ತದೆ. ಅಗಲ, ಎತ್ತರ, ಫ್ರೇಮ್ ದರ ಎಲ್ಲ ಒಂದೇ ಆಗಿದ್ದರೂ ಇದು ಸಂಭವಿಸಬಹುದು, ಹಾಗಾಗಿ ಮೀಡಿಯಾಇನ್ಫೊ ನೋಡಿದವರೂ ಮೋಸಹೋಗುತ್ತಾರೆ. ಇನ್ನೂ ಕೆಟ್ಟದೆಂದರೆ ಒಂದು ಪ್ಲೇಯರಿನಲ್ಲಿ ಸರಿಯಾಗಿ ಓಡಿದ್ದು ಟಿವಿಯಲ್ಲಿ ಕಲಸಿಹೋಗುವುದು.

ಎಂಕೆವಿಟೂಲ್‌ನಿಕ್ಸನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಕೊಡೆಕಿನ ಖಾಸಗಿ ದತ್ತಾಂಶ, ಅಂದರೆ ಈ ಸೂಚನೆಗಳು, ಹೊಂದುತ್ತಿಲ್ಲ ಎಂದು ಅದು ಎಚ್ಚರಿಸುತ್ತದೆ. ಅಂತಿಮವಾಗಿ ಎಂಕೆವಿ ಬೇಡದವರೂ ತುಣುಕುಗಳನ್ನು ಪರೀಕ್ಷಿಸಲೆಂದೇ ಒಮ್ಮೆ ಅದರಲ್ಲಿ ಸೇರಿಸಿ ನೋಡಬಹುದು. ಎಚ್ಚರಿಕೆ ಬಂದರೆ ಎಲ್ಲ ತುಣುಕುಗಳನ್ನೂ ಒಂದೇ ಎನ್‌ಕೋಡರಿನಿಂದ, ಒಂದೇ ಆಯ್ಕೆಗಳಲ್ಲಿ ರೀಎನ್‌ಕೋಡ್ ಮಾಡುವುದೇ ನೆಮ್ಮದಿ. ಎಕ್ಸ್264 ಎನ್‌ಕೋಡರಿನಲ್ಲಿ ಸಿಆರ್‌ಎಫ್ ಎಂಬ ಗುಣಮಟ್ಟದ ಸಂಖ್ಯೆ ತಾನಾಗಿ 23 ಇರುತ್ತದೆ. ಸಂಖ್ಯೆ ಇಳಿದಷ್ಟೂ ಗುಣಮಟ್ಟ ಹೆಚ್ಚು, ಗಾತ್ರವೂ ಹೆಚ್ಚು. ರಾತ್ರಿಯ ರಂಗದ ಕಪ್ಪು ಹಿನ್ನೆಲೆ ಕೆಡದಿರಲು 18ರ ಆಸುಪಾಸಿಗೆ ಇಳಿಸಿ.

ಬಿಡಿ ದೋಷಗಳು

ಕಥೆ ಹಿಂದುಮುಂದಾಗಿದ್ದರೆ ಫೈಲ್ ಹೆಸರು ನೋಡಿ. ಗೋಪ್ರೊ ಕ್ಯಾಮೆರಾಗಳು ಮೊದಲು ಅಧ್ಯಾಯದ ಸಂಖ್ಯೆ, ಆಮೇಲೆ ವಿಡಿಯೊದ ಸಂಖ್ಯೆ ಬರೆಯುತ್ತವೆ. ಜಿಎಚ್010034ರ ಮುಂದಿನ ಭಾಗ ಜಿಎಚ್020034, ಆದರೆ ಅಕ್ಷರಾನುಕ್ರಮದಲ್ಲಿ ನಡುವೆ ಜಿಎಚ್010035 ನುಗ್ಗುತ್ತದೆ. ನೀವೇ 1, 2, 10 ಎಂದು ಹೆಸರಿಟ್ಟಿದ್ದರೆ ಕೆಲವು ತಂತ್ರಾಂಶಗಳು 1, 10, 2 ಎಂದು ಓದುತ್ತವೆ. 01, 02 ಎಂದು ಬರೆದರೆ ಆ ಕಾಟವಿಲ್ಲ.

ಒಂದು ತುಣುಕು ಅಡ್ಡಬಿದ್ದಿದ್ದರೆ ರೊಟೇಶನ್ ಮಾಹಿತಿ ಹೊಂದಿಲ್ಲ ಎಂದರ್ಥ. ಮೊಬೈಲ್ ಚಿತ್ರವನ್ನು ನಿಜವಾಗಿ ತಿರುಗಿಸುವುದಿಲ್ಲ, ತಿರುಗಿಸಿ ತೋರಿಸು ಎಂದು ಚೀಟಿ ಬರೆದಿಡುತ್ತದೆ. ಜೋಡಿಸಿದಾಗ ಮೊದಲ ತುಣುಕಿನ ಚೀಟಿಯೇ ಎಲ್ಲಕ್ಕೂ ಅನ್ವಯವಾಗುತ್ತದೆ. ಆ ತುಣುಕನ್ನು ನಿಜವಾಗಿ ತಿರುಗಿಸಿ ರೀಎನ್‌ಕೋಡ್ ಮಾಡಬೇಕು. ವೇಷಧಾರಿ ಧಿಗಿಣ ಹಾಕುವಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್‌ಲೇಸ್ ಮಾಡಿದ ಚಿತ್ರ, ಅಂದರೆ ಸಮ ಮತ್ತು ಬೆಸ ಗೆರೆಗಳನ್ನು ಬೇರೆಬೇರೆ ಕ್ಷಣಗಳಲ್ಲಿ ಹಿಡಿದದ್ದು. ರೀಎನ್‌ಕೋಡ್ ಮಾಡುವಾಗ ಡಿಇಂಟರ್‌ಲೇಸ್ ಆಯ್ಕೆ ಹಾಕಿ.

ಎಫ್‌ಎಫ್‌ಎಂಪೆಗ್ ಪಟ್ಟಿಯನ್ನೇ ಓದುವುದಿಲ್ಲ ಎಂದರೆ

ಜೋಡಣೆಯ ತಂತ್ರಾಂಶಗಳಲ್ಲಿ ಹಲವುಗಳ ಒಡಲಲ್ಲಿರುವುದು 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್. ಆಜ್ಞೆ ಬರೆದು ಅದನ್ನು ನೇರವಾಗಿ ಬಳಸುವವರು ಫೈಲುಗಳ ಹೆಸರನ್ನು ಒಂದು ಪಠ್ಯ ಫೈಲಿನಲ್ಲಿ ಸಾಲಾಗಿ ಬರೆದು, ಪಟ್ಟಿ ಓದಿ ಜೋಡಿಸುವ ಕಾನ್‌ಕ್ಯಾಟ್ ಡಿಮಕ್ಸರ್ ಎಂಬ ಅದರ ಭಾಗಕ್ಕೆ ಕೊಡುತ್ತಾರೆ. ಅದು ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆ ಮತ್ತು ಕಿರುಗೆರೆ ಇರುವ ಹೆಸರುಗಳನ್ನು ಮಾತ್ರ ಸುರಕ್ಷಿತ ಎಂದು ಒಪ್ಪುತ್ತದೆ. ಪ್ರಸಂಗದ ಹೆಸರನ್ನು ಕನ್ನಡದಲ್ಲಿ ಬರೆದಿದ್ದರೆ, ನಡುವೆ ಜಾಗ ಬಿಟ್ಟಿದ್ದರೆ, ಡ್ರೈವ್ ಅಕ್ಷರದಿಂದ ಆರಂಭಿಸಿ ಪೂರ್ಣ ವಿಳಾಸ ಕೊಟ್ಟಿದ್ದರೆ ‘ಅಸುರಕ್ಷಿತ ಹೆಸರು’ ಎಂದು ನಿಲ್ಲುತ್ತದೆ. ಸೇಫ್ ಎಂಬ ಆಯ್ಕೆಗೆ ಸೊನ್ನೆ ಕೊಟ್ಟರೆ ದಾರಿಬಿಡುತ್ತದೆ. ಮೊದಲ ಸಾಲಿನಲ್ಲೇ ಅಪರಿಚಿತ ಪದ ಎಂಬ ದೂರು ಬಂದರೆ ಪಟ್ಟಿಯ ಫೈಲಿನ ತಲೆಯಲ್ಲಿ ಬಿಒಎಂ ಎಂಬ ಕಾಣದ ಗುರುತು ಕೂತಿದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ. ಪಟ್ಟಿ ಓದಿದ ಮೇಲೆ ಡಿಟಿಎಸ್ (ಫ್ರೇಮನ್ನು ಬಿಚ್ಚಬೇಕಾದ ಸಮಯದ ಗುರುತು) ಕ್ರಮ ತಪ್ಪಿದೆ ಎಂಬ ಎಚ್ಚರಿಕೆಗಳು ಸುರಿದರೆ ಸಮಯದ ಗುರುತುಗಳು ಹೊಂದುತ್ತಿಲ್ಲ. ಒಂದೆರಡು ಬಂದರೆ ಜೋಡಣೆಯ ಜಾಗ ನೋಡಿ ಮುಂದೆ ಹೋಗಬಹುದು, ನೂರಾರು ಬಂದರೆ ಫೈಲನ್ನು ನಂಬಬೇಡಿ.

ಹಾಗಾದರೆ ಯಾವುದು?

ತುಣುಕುಗಳು ಹೊಂದಿದ್ದರೆ ಲಾಸ್‌ಲೆಸ್‌ಕಟ್ ಸಾಕು. ಅದೂ ಎಫ್‌ಎಫ್‌ಎಂಪೆಗ್ ಮೇಲೆಯೇ ನಿಂತಿದೆ, ಆಜ್ಞೆ ಬರೆಯುವ ತಾಪತ್ರಯವಿಲ್ಲ. ಅವಿಡೆಮಕ್ಸ್ ಕೂಡ ಒಳ್ಳೆಯದೇ, ಆದರೆ ಚಿತ್ರ ಮತ್ತು ಧ್ವನಿ ಎರಡಕ್ಕೂ ಕಾಪಿ ಎಂಬ ಆಯ್ಕೆಯೇ ಇದೆಯೆ ಎಂದು ನೋಡಿ ಉಳಿಸಬೇಕು. ಇವು ಕತ್ತರಿಸುವುದು ಕೀಫ್ರೇಮಿನಲ್ಲಿ (ಬೇರೆ ಫ್ರೇಮಿನ ಆಸರೆಯಿಲ್ಲದೆ ಪೂರ್ತಿಯಾಗಿ ದಾಖಲಾದ ಫ್ರೇಮಿನಲ್ಲಿ) ಮಾತ್ರ ಚೊಕ್ಕವಾಗಿರುತ್ತದೆ ಎಂಬುದು ನೆನಪಿರಲಿ. ತುಣುಕುಗಳು ಹೊಂದದಿದ್ದರೆ ಶಾಟ್‌ಕಟ್, ಕೆಡೆನ್‌ಲೈವ್‌ನಂಥ ಸಂಕಲನ ತಂತ್ರಾಂಶಕ್ಕೆ ಹೋಗಿ, ಸಮಯ ಹಿಡಿಯುತ್ತದೆ ಎಂದು ಒಪ್ಪಿಕೊಂಡು. ಹ್ಯಾಂಡ್‌ಬ್ರೇಕ್ ಬಗ್ಗೆ ಅನೇಕರಿಗೆ ತಪ್ಪು ತಿಳಿವಳಿಕೆ ಇದೆ: ಅದು ಒಂದೊಂದೇ ಫೈಲನ್ನು ರೀಎನ್‌ಕೋಡ್ ಮಾಡುತ್ತದೆ, ಬೇರೆಬೇರೆ ಫೈಲುಗಳನ್ನು ಜೋಡಿಸುವುದಿಲ್ಲ. ಅಂತರ್ಜಾಲದಲ್ಲೇ ಜೋಡಿಸಿಕೊಡುವ ತಾಣಗಳಿಗೆ 36 ಜಿಬಿ ಏರಿಸಲು ಕೂತರೆ ಮುಂದಿನ ತಿರುಗಾಟ ಶುರುವಾದೀತು. ‘ವಿಡಿಯೊ ಜಾಯ್ನರ್’ ಎಂದು ಹುಡುಕಿದಾಗ ಮೇಲೆ ಬರುವ, ಉಚಿತ ಎನ್ನುತ್ತ ಕೊನೆಗೆ ಚಿತ್ರದ ಮೇಲೆ ತನ್ನ ಮುದ್ರೆ ಒತ್ತುವ ತಂತ್ರಾಂಶಗಳನ್ನು ದೂರವಿಡಿ.

ಜೋಡಿಸಿದ ಮೇಲೆ ಒಟ್ಟು ಅವಧಿ ತುಣುಕುಗಳ ಅವಧಿಯ ಮೊತ್ತಕ್ಕೆ ಸಮನಾಗಿದೆಯೆ ನೋಡಿ, ಪ್ರತಿ ಜೋಡಣೆಯ ಆಚೀಚೆ ಹತ್ತು ಸೆಕೆಂಡು ಕೇಳಿ. ಅಲ್ಲಿಯವರೆಗೆ ಕಾರ್ಡ್ ಅಳಿಸಬೇಡಿ. ಆ ಫೈಲನ್ನು ಮೇಳದವರಿಗೆ ಕೊಡಲು ಪೆನ್‌ಡ್ರೈವಿಗೆ ಹಾಕುವಾಗ ‘ಫೈಲ್ ತೀರಾ ದೊಡ್ಡದು’ ಎಂಬ ಸಂದೇಶ ಬಂದರೆ ಪೆನ್‌ಡ್ರೈವ್ ಎಫ್‌ಎಟಿ32ರಲ್ಲಿದೆ, ಕ್ಯಾಮೆರಾವನ್ನು ಕಾಡಿದ ಅದೇ 4 ಜಿಬಿ ಮಿತಿ. ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ. ಹಳೆಯ ಟಿವಿಗೆ ಎಕ್ಸ್‌ಫ್ಯಾಟ್ ಓದಲು ಬರದಿದ್ದರೆ ಆ ಟಿವಿಯವರಿಗೆ ತುಣುಕುಗಳಾಗಿಯೇ ಕೊಡಬೇಕಾಗುತ್ತದೆ.

ಕೊನೆಯ ತುಣುಕನ್ನು ಮಾತ್ರ ಯಾವ ತಂತ್ರಾಂಶವೂ ತೆರೆಯದೆ, ಮೂವ್ ಸಿಗಲಿಲ್ಲ ಎನ್ನುತ್ತಿದ್ದರೆ ಅದು ಜೋಡಣೆಯ ಸಮಸ್ಯೆಯೇ ಅಲ್ಲ. ಮಂಗಳ ಹಾಡುವ ಹೊತ್ತಿಗೆ ಬ್ಯಾಟರಿ ಮುಗಿದು, ಸೂಚಿ ಬರೆಯುವ ಮುನ್ನವೇ ಕ್ಯಾಮೆರಾ ಆರಿಹೋಗಿರಬೇಕು. ಆ ಕಾರ್ಡಿಗೆ ಮತ್ತೇನನ್ನೂ ಬರೆಯದೆ ಫೈಲನ್ನು ಹೊರತೆಗೆದುಕೊಳ್ಳಿ. ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶಕ್ಕೆ ಅದೇ ಕ್ಯಾಮೆರಾದಲ್ಲಿ ಅದೇ ಆಯ್ಕೆಗಳಲ್ಲಿ ತೆಗೆದ ಸರಿಯಾದ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಟ್ಟರೆ ಅದು ಸೂಚಿಯನ್ನು ಮತ್ತೆ ಕಟ್ಟಲು ಪ್ರಯತ್ನಿಸುತ್ತದೆ. ಮಾದರಿಗೆ ಹುಡುಕಾಡಬೇಕಿಲ್ಲ, ಅದೇ ರಾತ್ರಿಯ ಮೊದಲ ತುಣುಕು ಸಾಕು.